ಮಣ್ಣಿನ ಕುಂಡಕ್ಕೆ ಅಕ್ರಿಲಿಕ್ ಪೋರಿಂಗ್ ಮಾಡೋರು ಇದ್ದೀರಾ? ಒಳಗಡೆನೂ ಸೀಲ್ ಮಾಡ್ಬೇಕಾ?

ಮುಲುಂಡ್_ಗ್ಯಾಲರಿ:
ಎಲ್ಲರಿಗೂ ನಮಸ್ಕಾರ. ನವೆಂಬರ್ 1ಕ್ಕೆ ನಮ್ಮ ಸೊಸೈಟಿ ಕನ್ನಡದವರೆಲ್ಲ ಸೇರಿ ಒಂದು ಸಣ್ಣ ಸ್ಟಾಲ್ ಹಾಕ್ತಿದೀವಿ, ತಿಂಡಿ ಕಡೆ ಬೇರೆಯವರು ನೋಡ್ಕೋತಾರೆ, ನನ್ನ ಪಾಲಿಗೆ ಬಂದಿರೋದು ಗಿಡ ಮತ್ತೆ ಕುಂಡ. ಧಾರಾವಿ ಕುಂಬಾರವಾಡದಿಂದ 6 ಇಂಚಿನ ಮಣ್ಣಿನ ಪಾಟ್‌ಗಳನ್ನ ತಂದು ಗ್ಯಾಲರೀಲಿ ಜೋಡಿಸಿಟ್ಟಿದೀನಿ. ರಾಜ್ಯೋತ್ಸವ ಅಂದ್ಮೇಲೆ ಹಳದಿ-ಕೆಂಪು ಇರ್ಲೇಬೇಕಲ್ಲ, ಬ್ರಶ್ಶಲ್ಲಿ ಬಳಿಯೋ ಬದ್ಲು ಪಾಟ್ ಬೋರಲು ಹಾಕಿ ಮೇಲಿಂದ ಬಣ್ಣ ಸುರಿದು ಇಳಿಸೋ ಪೋರಿಂಗ್ ಮಾಡೋಣ ಅಂತ ಆಸೆ. ವಿಡಿಯೋಗಳಲ್ಲಿ ಎಲ್ಲಾ ಫಳಫಳ ಅಂತಿರುತ್ತೆ ಆದ್ರೆ ಒಂದು ಮಳೆಗಾಲ ಕಳೆದ್ಮೇಲೆ ಆ ಪಾಟ್ ಹೆಂಗಿದೆ ಅಂತ ಒಬ್ರೂ ತೋರ್ಸಲ್ಲ. ನಮ್ಮ ಪಕ್ಕದ ವಿಂಗ್‌ನಲ್ಲಿ ಒಬ್ರ ಮನೆ ಬಾಗಿಲಲ್ಲಿ ಇಂಥದ್ದೇ ಒಂದಿದೆ, ನಡು ಭಾಗದಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಉಗುರು ತಗುಲಿಸಿದ್ರೆ ಹಾಳೆ ಹಾಳೆಯಾಗಿ ಕಿತ್ತು ಬರುತ್ತೆ, ಅದ್ರ ಹಿಂದೆ ಬಿಳಿ ಪುಡಿ. ದುಡ್ಡು ಕೊಟ್ಟು ತಗೊಂಡೋರ ಮನೇಲಿ ಹಂಗಾದ್ರೆ ನಾನು ಲಿಫ್ಟಲ್ಲಿ ಮುಖ ತೋರ್ಸೋದು ಹೆಂಗೆ? ಅದಕ್ಕೇ ಬಣ್ಣದ ಮುಚ್ಚಳ ತೆಗೆಯೋಕೆ ಮುಂಚೆನೇ ಕೇಳ್ತಿದೀನಿ. ಮೇಲೆ ವಾರ್ನಿಶ್ ಹೊಡೆದ್ರೆ ಸಾಕಾ, ಒಳಗೂ ಏನಾದ್ರೂ ಬಳೀಬೇಕಾ, ಒಳಗೆ ಬಳಿದ್ರೆ ಗಿಡಕ್ಕೆ ತೊಂದರೆ ಇಲ್ವಾ?

ಹುಬ್ಬಳ್ಳಿ_ಟು_ಪುಣೆ:
ಅಕ್ಕಾರ ನಮಸ್ಕಾರ್ರಿ. ನಮ್ದು ಪೇಂಟಿಂಗ್ ಕಾಂಟ್ರಾಕ್ಟ್ ಐತಿ, ಕುಂಡದ್ದಲ್ಲ, ಬಿಲ್ಡಿಂಗಿಂದು. ಆದ್ರ ನೀವು ಹೇಳಿದ ಗುಳ್ಳಿ, ಬಿಳಿ ಪುಡಿ ಎರಡೂ ನಮಗ ದಿನಾ ಕಣ್ಣಿಗೆ ಬೀಳೂವಂಥಾವ. ಎಲ್ಲಾರೂ ತಿಳ್ಕೊಂಡಿರೂದು ಮಳಿ ನೀರು ಹೊರಗಿಂದ ಹೊಕ್ಕು ಬಣ್ಣ ಕೆಡಿಸ್ತು ಅಂತ. ಅಲ್ರಿ, ನೀರು ಬರೂದು ಒಳಗಿಂದ. ಈ ಕೆಂಪು ಮಣ್ಣಿನ ಸಾಮಾನ ಸುಮಾರು 900-1000 ಡಿಗ್ರಿ ಸೆಲ್ಸಿಯಸ್‌ನ್ಯಾಗ ಸುಟ್ಟದ್ದು, ಅಷ್ಟು ಕಾವಿಗೆ ಮಣ್ಣು ಗಟ್ಟಿ ಆಗತೈತಿ ಖರೆ, ಪಿಂಗಾಣಿಯಂಗ ಪೂರ್ತಿ ಮುಚ್ಚಿಕೊಳ್ಳೂದಿಲ್ಲ, ತುಂಬ ಸಣ್ಣ ಸಣ್ಣ ತೂತ ಉಳೀತಾವ. ನೀವು ಗಿಡಕ್ಕ ಹಾಕಿದ ನೀರು ಆ ತೂತಿನ್ಯಾಗಿಂದ ಹಾದು ಹೊರಮೈಗೆ ಬಂದು ಆರಿ ಹೋಗತೈತಿ, ಬರುವಾಗ ಮಣ್ಣಾಗಿಂದು, ಗೊಬ್ಬರದ್ದು, ನೀರಿಂದು ಉಪ್ಪು ಕಟ್ಕೊಂಡು ಬರತೈತಿ. ನೀರು ಹಾರಿ ಹೋಗತೈತಿ, ಉಪ್ಪು ಅಲ್ಲೇ ಕುಂದರತೈತಿ. ಬಣ್ಣ ಇಲ್ಲದ ಕುಂಡದ ಮ್ಯಾಲ ಬಿಳಿ ಕಲಿ ಕಾಣತೈತಲ್ಲ, ಅದ ಇದು.

ಈಗ ಆ ಹೊರಮೈಗೆ ನೀವು ದಪ್ಪನ್ನ ಅಕ್ರಿಲಿಕ್ ಸುರದ್ರಿ ಅಂದ್ರ ಅದು ಒಂದ ಪ್ಲಾಸ್ಟಿಕ್ ಹಾಳಿ ಅಂತ ತಿಳೀರಿ. ಬ್ರಶ್ಶಿಂದ ಹಚ್ಚಿದ ತೆಳು ಕೋಟ್ ಆದ್ರ ಸ್ವಲ್ಪರೆ ಆವಿ ಬಿಡತೈತಿ, ಪೋರಿಂಗ್ ದಪ್ಪ, ಮ್ಯಾಲ ವಾರ್ನಿಶ್ ಬ್ಯಾರೆ. ನೀರು ಬಂದು ಅದರ ಹಿಂದ ನಿಲ್ಲತೈತಿ, ಉಪ್ಪು ಅಲ್ಲೇ ಹರಳಾಗಿ ಹಾಳಿನ್ನ ಎಬ್ಬಸತೈತಿ. ಎಷ್ಟ ತುಟ್ಟಿ ವಾರ್ನಿಶ್ ತಂದು ಹೊಡೀರಿ, ಅದು ಹೊರಗಿನ ನೀರಿಗೆ ಕಾವಲು. ಒಳಗಿನ ಬಾಗಲಾ ತೆರದಿಟ್ಟು ಹೊರಗ ಕೀಲಿ ಹಾಕಿ ಏನ್ ಮಾಡ್ತೀರಿ?

ನಮ್ಮ ಪುಣೆದಾಗ ಬೋರ್ ನೀರು, ಟ್ಯಾಂಕರ್ ನೀರು ಹಾಕೂ ಸೊಸೈಟಿಗೋಳೊಳಗ ಇದು ಇನ್ನೂ ಜೋರು. ನಿಮಗ ಮುಂಬೈದಾಗ ಕೆರಿ ನೀರು, ಅಷ್ಟು ಗಡಸ ಇರೂದಿಲ್ಲ. ಹಂಗಂತ ಗೊಬ್ಬರದ ಉಪ್ಪು ತಪ್ಪೂದಿಲ್ಲ.

ಮಾಟುಂಗಾ_ಮಾಮಿ:
ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಕೊಳ್ಬೇಡಿ. ಹೊರಗೂ ಬಳಿದು ಒಳಗೂ ಬಳಿಯುವುದಾದ್ರೆ ಮಣ್ಣಿನ ಪಾಟ್ ಯಾಕೆ ಮಗಾ? ಪ್ಲಾಸ್ಟಿಕ್ಕಿಗೇ ಬಣ್ಣ ಹಾಕಿ ಮಾರಬಹುದಲ್ಲ. ಮಡಕೆಯಲ್ಲಿ ನೀರು ತಂಪಾಗುವುದು ಅದು ಬೆವರುವುದರಿಂದ, ಮಣ್ಣಿನ ಕುಂಡದಲ್ಲಿ ಬೇರು ತಂಪಾಗಿರುವುದೂ ಅದರಿಂದಲೇ. ಅದನ್ನೇ ಮುಚ್ಚಿಬಿಟ್ರೆ ಮತ್ತೆ ಉಳಿದದ್ದೆಂತ?

ಮುಲುಂಡ್_ಗ್ಯಾಲರಿ:
ಮಾಮಿ ಬೇಜಾರೇನಿಲ್ಲ, ಇದೇ ಪ್ರಶ್ನೆ ನಮ್ಮತ್ತೇನೂ ಕೇಳಿದ್ರು. ಉತ್ತರ ಅಂದ್ರೆ ತೂಕ. ಗ್ಯಾಲರಿ ಕಟ್ಟೆ ಮೇಲಿಟ್ಟ ಪ್ಲಾಸ್ಟಿಕ್ ಪಾಟ್ ಜೂನ್ ಗಾಳಿಗೆ ಕೆಳಗಿನ ಫ್ಲೋರ್‌ಗೆ ಹೋಗಿರುತ್ತೆ. ಮತ್ತೆ ಕುಂಬಾರವಾಡದೋರಿಗೆ ನಾಲ್ಕು ಕಾಸಾಗ್ಲಿ ಅಂತಾನೂ ಹೌದು, ದೀಪಾವಳಿ ಮುಂದೆ ಅಲ್ಲಿ ಬೀದಿ ತುಂಬಾ ಹಣತೆ ಒಣಗಿಸೋಕೆ ಇಟ್ಟಿರ್ತಾರೆ, ನೋಡೋಕೇ ಹೋಗ್ಬೇಕು. @ಹುಬ್ಬಳ್ಳಿ ಅಣ್ಣ ತುಂಬಾ ಥ್ಯಾಂಕ್ಸ್, ಪಕ್ಕದ ವಿಂಗ್ ಪಾಟ್ ಕಥೆ ಈಗ ಅರ್ಥ ಆಯ್ತು. ಹಂಗಾದ್ರೆ ಒಳಗೆ ಏನು ಹಚ್ಚೋದು?

ಅಂಧೇರಿ_ಮಣಿಪಾಲ:
ನಾನು ವೀಕೆಂಡಲ್ಲಿ ಮಕ್ಕಳಿಗೆ ಪೋರಿಂಗ್ ಹೇಳಿಕೊಡ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ತಾಳ್ಮೆ ಇರ್ಲಿ ಮಾರಾಯ್ರೆ.

ಸ್ಟಾಲಲ್ಲಿ ಮಾರುವುದಕ್ಕಾದ್ರೆ ನನ್ನ ಮಟ್ಟಿಗೆ ಒಂದೇ ದಾರಿ ಉಂಟು. ಬಣ್ಣ ಹಾಕಿದ ಕುಂಡದಲ್ಲಿ ನೇರ ಗಿಡ ನೆಡಲೇಬೇಡಿ. ನರ್ಸರಿಯವರು ಗಿಡ ಕೊಡುವ ಕಪ್ಪು ಪ್ಲಾಸ್ಟಿಕ್ ಪಾಟ್ ಇರ್ತದಲ್ಲ, ಅದನ್ನು ಹಾಗೇ ಒಳಗೆ ಇಳಿಸಿಬಿಡಿ. ನೀರು ಹಾಕುವಾಗ ಎತ್ತಿ ಸಿಂಕಲ್ಲಿ ಹಾಕಿ ಸೋರಿಸಿ ಮತ್ತೆ ಇಡುವುದು. ತಗೊಂಡವರು ಹಾಗೆ ಮಾಡ್ತಾರಾ ಅಂದ್ರೆ ಎಲ್ರೂ ಮಾಡ್ಲಿಕ್ಕಿಲ್ಲ, ಅಲ್ಲೇ ಹೊಯ್ತಾರೆ, ಆದ್ರೂ ಒದ್ದೆ ಮಣ್ಣು ಕುಂಡದ ಗೋಡೆಗೆ ಅಂಟಿ ಕೂರುವುದಿಲ್ಲ, ಅಷ್ಟೇ ದೊಡ್ಡ ಲಾಭ. ಈ ದಾರಿ ಹಿಡಿದ್ರೆ ಒಳಗೆ ಒಂದು ಸಾದಾ ಪ್ರೈಮರ್ ಕೋಟ್ ಸಾಕು.

ನೇರ ನೆಡಲೇಬೇಕು ಅಂದ್ರೆ ಒಳಗೆ ವಾಟರ್‌ಪ್ರೂಫಿಂಗ್ ಕೋಟಿಂಗ್ ಎರಡು ಕೈ ಹಾಕ್ಬೇಕು. ಟೆರೇಸಿಗೆ, ಪ್ಯಾರಾಪೆಟ್ಟಿಗೆ ಹಚ್ಚುವ ನೀರಲ್ಲಿ ಕಲೆಯುವ ಅಕ್ರಿಲಿಕ್ ಬರ್ತದಲ್ಲ, ಅದು. ಒಂದು ಕೈ ಅಡ್ಡ, ಇನ್ನೊಂದು ಉದ್ದ. ಮತ್ತೆ ಎಲ್ಲರೂ ಬಿಡುವುದು ಎಲ್ಲಿ ಗೊತ್ತುಂಟಾ? ಅಡಿಯ ತೂತಿನ ಒಳ ಅಂಚು. ಅಲ್ಲಿ ಕೋಟಿಂಗ್ ತಾಗದ ಬರೀ ಮಣ್ಣು ತೆರೆದೇ ಇರ್ತದೆ, ಹರಿದು ಹೋಗುವ ನೀರೆಲ್ಲ ಅಲ್ಲಿಂದ ಹೀರಿಕೊಂಡು ಗೋಡೆಗೆ ಏರ್ತದೆ. ಸಣ್ಣ ಬ್ರಶ್ ತೂತಿನೊಳಗೆ ತಿರುಗಿಸಿ ಹಚ್ಚಿ, ಅಡಿಯ ಪಾದಕ್ಕೂ ಹಚ್ಚಿ, ಪಾಟ್ ತಟ್ಟೆಯಲ್ಲಿ ನಿಂತ ನೀರಲ್ಲಿ ಕೂತಿರ್ತದಲ್ಲ.

ಹುಬ್ಬಳ್ಳಿ_ಟು_ಪುಣೆ:
ಇದಕ್ಕೊಂದು ಮಾತು ಸೇರಸ್ತೀನ್ರಿ. ಅಂಗಡ್ಯಾಗ ಹೋಗಿ ಬರೇ "ವಾಟರ್‌ಪ್ರೂಫ್ ಕೊಡ್ರಿ" ಅಂದ್ರ ಸಿಮೆಂಟಿನ್ಯಾಗ ಕಲಸೂ ಲಿಕ್ವಿಡ್ ಕೈಯಾಗಿಟ್ಟು ಕಳಸ್ತಾರ. ಡಾಕ್ಟರ್ ಫಿಕ್ಸಿಟ್ ಎಲ್‌ಡಬ್ಲ್ಯೂ ಪ್ಲಸ್ ಅಂತ ಬರತೈತಲ್ಲ, ಅದು ಕಾಂಕ್ರೀಟ್, ಗಾರಿ ಕಲಸುವಾಗ ಹಾಕೂದು, ಬ್ರಶ್ಶಿಂದ ಹಚ್ಚೂದಲ್ಲ. ಕುಂಡಕ್ಕ ಹಚ್ಚಿದ್ರ ಏನೂ ಉಪಯೋಗ ಇಲ್ಲ. ಡಬ್ಬಿ ಮ್ಯಾಲ ಕೋಟಿಂಗ್ ಅಂತ ಐತೇನು ನೋಡಿ ತುಗೊಳ್ರಿ. ಕೆಲವ್ರು ಡಾಂಬರ್ ಪೇಂಟ್ ಹಚ್ಚತಾರ, ಬ್ಯಾಡ್ರಿ, ಬಿಸಲಿಗೆ ಮೆತ್ತಗಾಗತೈತಿ, ವಾಸನಿನೂ ಹೋಗಂಗಿಲ್ಲ.

ಮತ್ತ ಇದೆಲ್ಲಕ್ಕಿಂತ ಮೊದಲ, ಕುಂಡ ಒಣಗಿರಬೇಕ್ರಿ. ಹೊರಗ ಒಣಗಿದಂಗ ಕಾಣತೈತಿ, ಒಳಗ ಹಸಿ ಇರತೈತಿ. ಒಂದ ತುಂಡ ಪಾರದರ್ಶಕ ಪ್ಲಾಸ್ಟಿಕ್ ತುಗೊಂಡು ಕುಂಡದ ಹೊಟ್ಟಿಗೆ ನಾಕೂ ಕಡೆ ಟೇಪ್ ಹಚ್ಚಿ ಒಂದ ರಾತ್ರಿ ಬಿಡ್ರಿ. ಮುಂಜಾನೆ ಒಳಗ ಹನಿ ಕಂಡ್ರ ಇನ್ನೂ ಬಿಸಲಿಗೆ ಇಡೂದು. ನಾವೂ ಗ್ವಾಡಿಗೆ ಹಿಂಗ ನೋಡ್ತೀವಿ.

ಬಜೆಟ್_ಭಟ್ರು:
ಬಣ್ಣ ಸಲೀಸಾಗಿ ಹರೀಲಿ ಅಂತ ಕಲಸೋ ಪೋರಿಂಗ್ ಮೀಡಿಯಂ ರೇಟ್ ನೋಡಿ ತಲೆ ತಿರುಗಿತು. ಫೆವಿಕಾಲ್‌ಗೆ ನೀರು ಹಾಕಿ ಕಲಸಿದ್ರೆ ಅದೇ ಕೆಲ್ಸ ಆಗುತ್ತೆ ಅಂತ ವಿಡಿಯೋದವ್ರು ಹೇಳ್ತಾರಲ್ಲ ಸ್ವಾಮಿ, ಅದಕ್ಯಾಕೆ ಸುಮ್ನೆ ದುಡ್ಡು ಸುರೀಬೇಕು?

ಅಂಧೇರಿ_ಮಣಿಪಾಲ:
ಭಟ್ರೇ, ಗೋಡೆಗೆ ನೇತು ಹಾಕುವ ಕ್ಯಾನ್ವಾಸಿಗೆ ಆದ್ರೆ ನಾನೂ ಅದನ್ನೇ ಹಾಕ್ತೇನೆ, ಮಕ್ಕಳ ಕ್ಲಾಸಿಗೆ ಮತ್ತೆ ದುಬಾರಿ ಬಾಟ್ಲಿ ಎಲ್ಲಿಂದ ತರುವುದು. ಕುಂಡಕ್ಕೆ ಮಾತ್ರ ಬೇಡ. ಬಿಳಿ ಫೆವಿಕಾಲ್ ಅಂದ್ರೆ ಪಿವಿಎ (ಪಾಲಿವಿನೈಲ್ ಅಸಿಟೇಟ್) ಅಂಟು, ಒಣಗಿದ ಮೇಲೂ ನೀರು ತಾಗಿದ್ರೆ ಮತ್ತೆ ಬೆಳ್ಳಗಾಗಿ ಮೆತ್ತಗಾಗ್ತದೆ. ಒಣಗಿದ ಫೆವಿಕಾಲ್ ಡಬ್ಬಿ ಮುಚ್ಚಳವನ್ನು ನೀರಲ್ಲಿ ಹಾಕಿಡಿ, ಸಂಜೆಗೆ ನೋಡಿ, ಬೆರಳಲ್ಲಿ ತಿಕ್ಕಿದ್ರೆ ಕಿತ್ತು ಬರ್ತದೆ. ನಿಮ್ಮ ಬಣ್ಣದಲ್ಲಿ ಅರ್ಧಕ್ಕರ್ಧ ಅದೇ ಇದ್ರೆ ಮೇಲೆ ವಾರ್ನಿಶ್ ಎಷ್ಟು ಹಾಕಿದ್ರೂ ಒಂದು ಸಣ್ಣ ಬಿರುಕು ಸಾಕು.

ಅಗ್ಗದ ದಾರಿ ಬೇರೆ ಉಂಟು. ಮನೆ ಹೊರಗೋಡೆಗೆ ಹಚ್ಚುವ ಎಕ್ಸ್‌ಟೀರಿಯರ್ ಎಮಲ್ಷನ್ ಕೂಡ ಅಕ್ರಿಲಿಕ್ಕೇ. ಬಿಳಿ ಒಂದು ಲೀಟರ್ ತಗೊಂಡು ಅದನ್ನೇ ಬೇಸ್ ಮಾಡಿ, ಬಣ್ಣ ಮಾತ್ರ ಆರ್ಟ್ ಅಕ್ರಿಲಿಕ್ ಅಥವಾ ಸ್ಟೇನರ್ (ಗೋಡೆ ಬಣ್ಣಕ್ಕೆ ಕಲಸುವ ಗಾಢ ಬಣ್ಣ). ಅದರಲ್ಲಿ ಪಾಚಿ, ಬೂಸು ತಡೆಯುವ ಮದ್ದೂ ಸೇರಿರ್ತದೆ, ನಮ್ಮ ಮಳೆಗೆ ಒಳ್ಳೇದೇ. ಫ್ಲೋಟ್ರಾಲ್ ಅಂತ ಎಲ್ರೂ ಹೇಳ್ತಾರಲ್ಲ, ಅದೂ ಮೂಲದಲ್ಲಿ ಗೋಡೆ ಬಣ್ಣ ಬ್ರಶ್ಶಲ್ಲಿ ಸಲೀಸಾಗಿ ಹರಿಯಲಿ ಅಂತ ಮಾಡಿದ್ದು, ಪೋರಿಂಗ್‌ನವರು ಆಮೇಲೆ ಹಿಡ್ಕೊಂಡದ್ದು. ಸಿಕ್ಕಿದ್ರೆ ಟ್ಯೂಬ್ ಬಣ್ಣಕ್ಕೆ ಎರಡರಷ್ಟು, ತೆಳು ಬಣ್ಣಕ್ಕೆ ಸಮಸಮ. ನೀರು ಕಡೇಗೆ, ಚಮಚ ಚಮಚ. ನೀರು ಜಾಸ್ತಿಯಾದ್ರೆ ಬಣ್ಣ ಹಿಡಿದಿಡುವ ಅಂಟು ತೆಳುವಾಗಿ ಒಣಗಿದ ಮೇಲೆ ಕೈಗೆ ಪುಡಿ ಬರ್ತದೆ.

ಹದ ಎಷ್ಟು ಅಂತ ಕೇಳ್ತೀರಿ, ಕಡ್ಡಿ ಎತ್ತಿದಾಗ ಧಾರೆ ಮುರಿಯಬಾರದು, ಬಿದ್ದ ಗುರುತು ಒಂದೆರಡು ಸೆಕೆಂಡ್ ಕಂಡು ಮಾಯ ಆಗ್ಬೇಕು. ಎಲ್ಲಾ ಬಣ್ಣವೂ ಒಂದೇ ಹದ. 6 ಇಂಚಿನ ಕುಂಡಕ್ಕೆ ಎಲ್ಲಾ ಸೇರಿ ಸುಮಾರು 150ರಿಂದ 200 ಎಂಎಲ್ ಇಟ್ಕೊಳ್ಳಿ, ಅದರಲ್ಲಿ ಕಾಲು ಪಾಲಿಗೂ ಜಾಸ್ತಿ ಟ್ರೇಗೆ ಹೋಗ್ತದೆ. ಟ್ರೇಯಲ್ಲಿ ಬಿದ್ದದ್ದನ್ನು ಬೇಸಿನ್ನಲ್ಲಿ ತೊಳೀಬೇಡಿ ಆಯ್ತಾ, ಪೈಪಲ್ಲಿ ಹೋಗಿ ಕೂರ್ತದೆ. ಒಣಗಲು ಬಿಡಿ, ಮರುದಿನ ಹಾಳೆಯಾಗಿ ಎದ್ದು ಬರ್ತದೆ, ಮಕ್ಕಳು ಅದನ್ನೇ ಕತ್ತರಿಸಿ ಬುಕ್‌ಮಾರ್ಕ್ ಮಾಡ್ತಾರೆ.

ಮುಲುಂಡ್_ಗ್ಯಾಲರಿ:
ಹಳದಿ ಕೆಂಪು ಸೇರಿ ಎಲ್ಲಾ ಕೇಸರಿ ಆಗ್ಬಿಡಲ್ವಾ ಅಕ್ಕ? ಅದೇ ಭಯ. ರಾಜ್ಯೋತ್ಸವದ ಸ್ಟಾಲಲ್ಲಿ ಕೇಸರಿ ಪಾಟ್ ಇಟ್ಟು ಯಾವ ಪಾರ್ಟಿಯೋರು ಅಂತ ಕೇಳಿಸ್ಕೋಬೇಕಾಗುತ್ತೆ 😄

ಅಂಧೇರಿ_ಮಣಿಪಾಲ:
ಹಹ್ಹ. ಒಂದೇ ಕಪ್ಪಲ್ಲಿ ಹಳದಿ, ಅದರ ಮೇಲೆ ತೆಳ್ಳಗೆ ಬಿಳಿ, ಆಮೇಲೆ ಕೆಂಪು, ಮತ್ತೆ ಬಿಳಿ, ಹೀಗೆ ಕಪ್ಪಿನ ಅಂಚಿಂದ ನಿಧಾನ ಇಳಿಸಿ. ಕಲಕಬೇಡಿ. ನಡುವಿನ ಬಿಳಿ ಎರಡನ್ನೂ ಸ್ವಲ್ಪ ದೂರ ಇಡ್ತದೆ. ಎಲ್ಲೋ ಒಂದೆರಡು ಕಡೆ ಕೇಸರಿ ಎಳೆ ಬಂದೇ ಬರ್ತದೆ, ಚಂದವೇ ಕಾಣ್ತದೆ. ಮತ್ತೆ ಹಳದಿ ಸಾಮಾನ್ಯವಾಗಿ ಸ್ವಲ್ಪ ಪಾರದರ್ಶಕ ಬಣ್ಣ, ಬರೀ ಕೆಂಪು ಮಣ್ಣಿನ ಮೇಲೆ ಹಾಕಿದ್ರೆ ಕೆಸರು ಬಣ್ಣ ಬರ್ತದೆ. ಪಾಲಿಶ್ ಪೇಪರ್ 220 ನಂಬರ್ ಹಿಡಿದು ಉಜ್ಜಿ, ಧೂಳು ಒರೆಸಿ, ಬಿಳಿ ಪ್ರೈಮರ್ ಎರಡು ಕೈ ಹಾಕಿಯೇ ಶುರು ಮಾಡಿ. ಪ್ರೈಮರ್ ಹಾಕದಿದ್ರೆ ಒಣ ಮಣ್ಣು ಬಣ್ಣದ ನೀರನ್ನು ಕೂಡಲೇ ಕುಡಿದುಬಿಡ್ತದೆ, ಬಣ್ಣ ಅರ್ಧದಲ್ಲೇ ನಿಂತುಬಿಡ್ತದೆ, ಕೆಳಗೆ ಇಳಿಯುವುದೇ ಇಲ್ಲ.

ಈಗ ಸುರಿಯುವ ಕೆಲಸ. ಪಾಟ್ ಬೋರಲು, ಒಳಗೆ ಮರಳೋ ನೀರೋ ತುಂಬಿದ ಬಾಟ್ಲಿ ಸ್ಟ್ಯಾಂಡ್, ಅಂಚು ಟ್ರೇಗಿಂತ ನಾಲ್ಕು ಬೆರಳು ಮೇಲೆ. ತೂತಿಗೆ ಮಾಸ್ಕಿಂಗ್ ಟೇಪ್. ಮೇಲೆ ಬಂದ ಅಡಿಯಲ್ಲಿ ಕಪ್ ಖಾಲಿ ಮಾಡಿ, ನಾಲ್ಕೂ ಕಡೆ ಇಳಿಯಲು ಬಿಡಿ, ಇಳಿಯದ ಕಡೆ ಪಾಟನ್ನೇ ಸ್ವಲ್ಪ ವಾಲಿಸಿ. ಇಲ್ಲೇ ಒಂದು ಕಿರಿಕಿರಿ ಉಂಟು. ಸಾದಾ ಕುಂಡಕ್ಕೆ ಬಾಯಿ ಹತ್ರ ದಪ್ಪ ಪಟ್ಟಿ ಇರ್ತದಲ್ಲ, ಬೋರಲು ಹಾಕಿದಾಗ ಆ ಪಟ್ಟಿ ಮೆಟ್ಟಿಲಾಗ್ತದೆ. ಮೇಲಿಂದ ಬಂದ ಬಣ್ಣ ಆ ಮೆಟ್ಟಿಲ ಮೂಲೆಯಲ್ಲಿ ಕೆರೆ ಕಟ್ಟಿ ನಿಲ್ತದೆ, ದಪ್ಪ ನಿಂತ ಕಡೆ ಮೇಲ್ಪದರ ಮೊದಲು ಒಣಗಿ ಒಳಗಿನದ್ದು ಆಮೇಲೆ ಕುಗ್ಗಿ, ಕೂದಲೆಳೆ ಬಿರುಕು ಬಿಡ್ತದೆ. ಆ ಮೂಲೆಯಲ್ಲಿ ಐಸ್‌ಕ್ರೀಂ ಕಡ್ಡಿ ತುದಿ ಇಟ್ಟು ಒಂದು ಸುತ್ತು ಎಳೆದುಬಿಡಿ, ನಿಂತದ್ದು ಪಟ್ಟಿ ದಾಟಿ ಕೆಳಗಿಳೀತದೆ. ಹನಿ ಬೀಳುವುದು ನಿಲ್ಲುವವರೆಗೆ ಅಂಚಿನ ಅಡಿಯನ್ನು ಆಗಾಗ ಕಡ್ಡಿಯಲ್ಲಿ ಒರೆಸ್ತಾ ಇರಿ, ಇಲ್ಲಾಂದ್ರೆ ಮರುದಿನ ಅಂಚಿನ ಸುತ್ತ ಮೊಳೆ ಮೊಳೆ ಒಣಗಿರ್ತದೆ, ಬ್ಲೇಡಲ್ಲಿ ಕೆತ್ತಬೇಕು. ತೂತಿನ ಟೇಪ್ ಬಣ್ಣ ಹಸಿ ಇರುವಾಗಲೇ ಎಳೀಬೇಕು.

ಮುಂದಿನ ಸಲ ಪಟ್ಟಿ ಇಲ್ಲದ, ನೇರ ಅಂಚಿನ ಪಾಟ್ ಹುಡುಕಿ ತನ್ನಿ, ಅರ್ಧ ಕೆಲಸ ಕಮ್ಮಿ.

ಡೊಂಬಿವ್ಲಿ_ಮೇಷ್ಟ್ರು:
ನಿವೃತ್ತ ಫಿಸಿಕ್ಸ್ ಮೇಷ್ಟ್ರು ನಾನು, ಬಣ್ಣದ ಗಂಧ ಇಲ್ಲ, ಮೊಮ್ಮಗಳು ಮಾಡೋದು ನೋಡಿ ಕುತೂಹಲ ಬಂತು. ಕಪ್ಪಲ್ಲಿ ಬಿಳಿ ಎಲ್ಲಿ ಹಾಕ್ತೀರಿ ಅನ್ನೋದು ಬರೀ ಅಂದಚಂದದ ಮಾತಲ್ಲ. ಬಿಳಿ ಬಣ್ಣದ ಟೈಟೇನಿಯಂ ಡೈಆಕ್ಸೈಡ್ ನೀರಿಗಿಂತ ಸುಮಾರು 4 ಪಟ್ಟು ಭಾರ, ಹಾಗಾಗಿ ಅದೇ ಹದದ ಬೇರೆ ಬಣ್ಣಕ್ಕಿಂತ ಬಿಳಿ ಸಾಮಾನ್ಯವಾಗಿ ತೂಕ ಜಾಸ್ತಿ. ಭಾರದ ದ್ರವ ಮೇಲೆ, ಹಗುರದ್ದು ಕೆಳಗೆ ಇದ್ರೆ ಅದು ತೆಪ್ಪಗೆ ಕೂರಲ್ಲ, ಬೆರಳು ಬೆರಳಾಗಿ ಕೆಳಗೆ ಇಳಿಯುತ್ತೆ, ಕೆಳಗಿನದ್ದು ಸಂದಿಯಲ್ಲಿ ಮೇಲೇಳುತ್ತೆ. ನೀವು ಸೆಲ್ ಅಂತೀರಲ್ಲ ಆ ಗುಂಡು ಗುಂಡು ಕಣ್ಣು, ಅದು ಹುಟ್ಟೋದು ಇದರಿಂದ. ರೇಲೀ-ಟೇಲರ್ ಅಸ್ಥಿರತೆ ಅಂತಾರೆ. ಮೆಕ್ಸಿಕೋದ ಸಿಕೆರೋಸ್ ಅನ್ನೋ ದೊಡ್ಡ ಚಿತ್ರಕಾರ 1930ರ ದಶಕದಲ್ಲೇ ಬಣ್ಣದ ಮೇಲೆ ಬಣ್ಣ ಸುರಿದು ಇದನ್ನ ಮಾಡ್ತಿದ್ದ, 1936ರಲ್ಲಿ ನ್ಯೂಯಾರ್ಕ್‌ನಲ್ಲಿ ವರ್ಕ್‌ಶಾಪ್ ಇಟ್ಟಾಗ ಮುಂದೆ ಬಣ್ಣ ಚೆಲ್ಲಿ ಚಿತ್ರ ಮಾಡೋದ್ರಲ್ಲಿ ಹೆಸರಾದ ಅಮೆರಿಕದ ಜಾಕ್ಸನ್ ಪೊಲಾಕ್ ಕೂಡ ಅಲ್ಲಿ ಹೋಗಿದ್ದ. 2015ರಲ್ಲಿ ಮೆಕ್ಸಿಕೋದ ವಿಜ್ಞಾನಿಗಳೇ ಪ್ರಯೋಗ ಮಾಡಿ ಇದಕ್ಕೆ ಕಾರಣ ಸಾಂದ್ರತೆಯ ವ್ಯತ್ಯಾಸ ಅಂತ ತೋರಿಸಿದಾರೆ.

ಕುಂಡದ ವಿಷಯಕ್ಕೆ ಬಂದ್ರೆ ಒಂದು ಮಾತು: ಈ ಕಣ್ಣುಗಳು ಸಮತಟ್ಟು ಜಾಗದಲ್ಲಿ ಚೆನ್ನಾಗಿ ಬರುತ್ತೆ, ಕುಂಡದ ಗೋಡೆ ಮೇಲೆ ಬಣ್ಣ ಜಾರ್ತಾ ಇರೋದ್ರಿಂದ ಉದ್ದಕ್ಕೆ ಎಳೆದು ಪಟ್ಟೆ ಆಗುತ್ತೆ. ಸೆಲ್ ಬರ್ಲಿಲ್ಲ ಅಂತ ಬೇಸರ ಮಾಡ್ಕೋಬೇಡಿ, ಗುರುತ್ವ ಬಿಡಲ್ಲ.

ಬಜೆಟ್_ಭಟ್ರು:
ಮೇಷ್ಟ್ರೇ ಕುಂಡಕ್ಕೆ ಬಣ್ಣ ಬಳಿಯೋಕೂ ಪರೀಕ್ಷೆ ಇಡ್ತೀರಾ 🙏 ಸೆಲ್ ಬರೋಕೆ ಎರಡು ಹನಿ ಸಿಲಿಕೋನ್ ಎಣ್ಣೆ ಹಾಕ್ತಾರಂತಲ್ಲ, ಹೇರ್ ಸೀರಮ್ ಆದ್ರೂ ನಡೆಯುತ್ತಂತೆ.

ಅಂಧೇರಿ_ಮಣಿಪಾಲ:
ಸೀಲ್ ಮಾಡುವ ಪಾಟಿಗೆ ಸಿಲಿಕೋನ್ ಬೇಡವೇ ಬೇಡ. ಎಣ್ಣೆ ಒಣಗುವುದಿಲ್ಲ, ಮೇಲೆ ಬಂದು ಕೂರ್ತದೆ. ಅದರ ಮೇಲೆ ವಾರ್ನಿಶ್ ಹಾಕಿದ್ರೆ ಅಲ್ಲಲ್ಲಿ ಹಿಮ್ಮೆಟ್ಟಿ ತೂತು ತೂತು ಬಿಡ್ತದೆ. ಈಗಾಗ್ಲೇ ಹಾಕಿದವರಿದ್ರೆ ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಸೋಪಿನ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಿ, ಒಣಗಿಸಿ, ಆಮೇಲೆ ವಾರ್ನಿಶ್.

ವಾಸ್ಕೋ_ಬಾಗಲಕೋಟಿ:
ನಮಸ್ಕಾರ್ರಿ ಎಲ್ಲಾರಿಗೂ. ಗೋವಾದಾಗಿಂದ ಬರ್ಯಾಕತ್ತೀನಿ, ನಮ್ಮ ಮನಿಯಾಕಿ ಮಾಪುಸಾ ಶುಕ್ರವಾರದ ಸಂತಿಯೊಳಗಿಂದ ಕುಂಡ ತಂದು ಬಣ್ಣಾ ಮಾಡ್ತಾಳ, ನಾ ಎತ್ತಿಡೂ ಕೆಲಸದಾಂವ. ಇಲ್ಲಿ ವರ್ಷಕ್ಕ ಹತ್ತತ್ರ 3000 ಮಿಲಿಮೀಟರ್ ಮಳಿ ಅದ, ಅದಕ್ಕ ವಾರ್ನಿಶ್ ಬಗ್ಗೆ ಹೇಳೂದು ಒಂದೆರಡು ಅದ.

ಮಳಿಗಾಲದಾಗ ಸ್ಪ್ರೇ ಕ್ಲಿಯರ್ ಲ್ಯಾಕರ್ ಹೊಡೀಬ್ಯಾಡ್ರಿ. ಗಾಳಿಯೊಳಗ ತೇವ ಭಾಳ ಇದ್ರ ಥಿನ್ನರ್ ಹಾರಿ ಹೋಗುವಾಗ ಮೈ ತಣ್ಣಗಾಗಿ ತೇವಾ ಹಿಡಿತದ, ಕನ್ನಡಿಯಂಗ ಇರಬೇಕಾದ್ದು ಹಾಲಿನ ಬಣ್ಣ ತಿರಗತದ. ನೀರಿನ ಅಕ್ರಿಲಿಕ್ ವಾರ್ನಿಶ್ ಇಲ್ಲಾ ನೀರಿನ ಪಿಯು (ಪಾಲಿಯುರೆಥೇನ್ ವಾರ್ನಿಶ್) ತುಗೊಂಡು ಬ್ರಶ್ಶಿಂದ ತೆಳ್ಳಗ 2-3 ಕೈ. ಎಣ್ಣಿ ಪಿಯು ಗಟ್ಟಿ ಖರೆ, ವರ್ಷ ಹೋದಂಗ ಹಳದಿ ಆಗತದ, ನಿಮ್ಮ ಬಿಳಿ ಎಳಿ ಎಲ್ಲಾ ಮಂಕ. ಎಪಾಕ್ಸಿ ರೆಸಿನ್ ಸುರದವರೂ ನಮ್ಮ ಕಡೆ ಇದ್ದಾರ, ಬಿಸಲಿನ ಜಾಗಾ ಇದ್ರ ಅದೂ ಹಳದಿ.

ಮ್ಯಾಟ್ (ಹೊಳಪಿಲ್ಲದ್ದು) ಬೇಕಂದ್ರ ಎಲ್ಲಾ ಕೈನೂ ಮ್ಯಾಟ್ ಹಚ್ಚಬ್ಯಾಡ್ರಿ, ಮಂಜು ಮುಸುಕಿದಂಗ ಆಗತದ. ಮೊದಲ ಹೊಳಪಿನ ಗ್ಲಾಸಿ ವಾರ್ನಿಶ್, ಕಡೀದು ಒಂದ ಮ್ಯಾಟ್. ಮತ್ತ ನೇರ ಬಿಸಲಿಗೆ ಇಡೂ ಕುಂಡ ಇದ್ರ ಬಣ್ಣದ ಟ್ಯೂಬಿನ ಮ್ಯಾಲ ಬಿಸಲು ತಡಿಯೂ ಗುರ್ತು ಇರತದ, ಕೆಲವ್ರು ಚುಕ್ಕಿ ಹಾಕಿರ್ತಾರ, ಅದನ್ನ ನೋಡಿ ತರ್ರಿ, ಅಗ್ಗದ ಕೆಂಪು ಭಾಳ ಲಗೂ ಮಾಸತದ.

ಮುಲುಂಡ್_ಗ್ಯಾಲರಿ:
ಅಣ್ಣ, ಸುರಿದ್ಮೇಲೆ ಎಷ್ಟು ದಿನ ಬಿಟ್ಟು ವಾರ್ನಿಶ್? ಫ್ಯಾನ್ ಹಾಕಿ ಬೇಗ ಒಣಗಿಸಬಹುದಾ? ಜಾಗ ಕಮ್ಮಿ ಇದೆ ಮನೇಲಿ, ಡೈನಿಂಗ್ ಟೇಬಲ್ ಮೇಲೇ ಎಲ್ಲ.

ವಾಸ್ಕೋ_ಬಾಗಲಕೋಟಿ:
ಫ್ಯಾನ್ ಎದುರಿಗೆ ಬ್ಯಾಡ್ರಿ ಅಕ್ಕಾರ, ಮ್ಯಾಲಿನ ಪದರ ಮೊದಲ ಒಣಗಿ ಸುಕ್ಕು ಬೀಳತದ, ಧೂಳೂ ಕುಂದರತದ. ಮ್ಯಾಲ ಒಂದ ರಟ್ಟಿನ ಡಬ್ಬಿ ಬೋರಲ ಹಾಕಿ ಬಿಡ್ರಿ. ಕೈಗೆ ಹತ್ತದಂಗ ಆಗಾಕ ಮಳಿ ಹವಾದಾಗ 2-3 ದಿನ. ವಾರ್ನಿಶಿಗೆ ಕಡಿಮಿ ಅಂದ್ರೂ 72 ತಾಸು, ನಾವು ಒಂದ ವಾರಕ್ಕಿಂತ ಮೊದಲ ಮುಟ್ಟಂಗಿಲ್ಲ. ಒಳಗಿನ ನೀರು ಪೂರ್ತಿ ಹೋಗಿ ಗಟ್ಟಿ ಆಗಾಕ ವಾರಗಟ್ಟಲೆ ಬೇಕು.

ಹುಬ್ಬಳ್ಳಿ_ಟು_ಪುಣೆ:
ನವೆಂಬರ್ 1ಕ್ಕ ಸ್ಟಾಲ್ ಅಂದ್ರ ಹಿಂದಕ್ಕ ಎಣಿಸ್ರಿ. ಅಕ್ಟೋಬರ್ ಮೊದಲ ವಾರದಾಗ ಸುರದು ಮುಗಿಸ್ರಿ, ಪ್ರೈಮರ್ ಅದಕ್ಕಿಂತ ಮೊದಲ. ಮಳಿ ಹೋದಮ್ಯಾಲ ಮುಂಬೈದಾಗ ಅಕ್ಟೋಬರ್ ಹೀಟ್ ಬರತೈತಲ್ಲ, ಎಲ್ಲಾರೂ ಬೈತಾರ, ನಿಮಗ ಅದ ಬೇಕು. ಮತ್ತ ಒಂದ: ಅಕ್ರಿಲಿಕ್ ಒಣಗಿದ್ರೂ ಬ್ಯಾಸಗಿಗೆ ಸ್ವಲ್ಪ ಮೆತ್ತಗ. ಸ್ಟಾಲಿಗೆ ಒಯ್ಯುವಾಗ ಒಂದರೊಳಗ ಒಂದ ಇಟ್ಟು ರದ್ದಿ ಪೇಪರ್ ಸುತ್ತಿದ್ರ ಮುಂಜಾನೆಗೆ ಪೇಪರಿನ ಅಕ್ಷರ ಕುಂಡದ ಮ್ಯಾಲ. ಬಟರ್ ಪೇಪರ್ ಸುತ್ತರಿ, ಬಿಡಿಬಿಡಿ ಇಡ್ರಿ.

ಮಾಟುಂಗಾ_ಮಾಮಿ:
ಇಷ್ಟೆಲ್ಲ ಓದಿದ ಮೇಲೆ ಅನಿಸಿದ್ದು, ಸರಿ, ಶೋಕಿಗೆ ಆದ್ರೆ ಪ್ಲಾಸ್ಟಿಕ್ ಪಾಟ್ ಒಳಗಿಟ್ಟು ಮಾಡ್ಲಿ, ಗಿಡಕ್ಕೂ ತೊಂದರೆ ಇಲ್ಲ. ಆದ್ರೆ ತುಳಸಿಗೆ ಮಾತ್ರ ಈ ಬಣ್ಣ ಬೇಡ. ನಮ್ಮಲ್ಲಿ ಉತ್ಥಾನ ದ್ವಾದಶಿ ತುಳಸಿ ಪೂಜೆಗೆ ಪ್ರತಿ ವರ್ಷ ಕುಂಡಕ್ಕೆ ಕೆಮ್ಮಣ್ಣು ಬಳಿದು ಮೇಲೆ ಅಕ್ಕಿ ಹಿಟ್ಟಿನ ರಂಗೋಲಿ ಬಿಡುವುದು. ಇಲ್ಲಿ ಪೂಜೆ ಸಾಮಾನಿನ ಅಂಗಡಿಯಲ್ಲಿ ಗೇರು ಅಂತ ಕೇಳಿದ್ರೆ ಕೊಡ್ತಾರೆ. ನೀರಲ್ಲಿ ಕಲಸಿ ಬಟ್ಟೆಯಲ್ಲಿ ಬಳಿದ್ರೆ ಮುಗೀತು. ಮಳೆಗೆ ಹೋಗ್ತದೆ, ಹೋಗ್ಲಿ, ಮತ್ತೆ ಬಳಿಯುವುದು. ಗುಳ್ಳೆಯೂ ಇಲ್ಲ, ಸಿಪ್ಪೆಯೂ ಇಲ್ಲ.

ಡೊಂಬಿವ್ಲಿ_ಮೇಷ್ಟ್ರು:
ಮಾಮಿ ಹೇಳೋದು ಸರಿ ಇದೆ. ಕೆಮ್ಮಣ್ಣು ಅಂದ್ರೆ ಕಬ್ಬಿಣದ ಆಕ್ಸೈಡ್ ಇರೋ ಮಣ್ಣು, ಪದರ ಕಟ್ಟಲ್ಲ, ತೂತು ಮುಚ್ಚಲ್ಲ. ನೀರು ತನ್ನ ದಾರೀಲಿ ಹೋಗುತ್ತೆ. ಬಣ್ಣವೂ ಬಿಸಿಲಿಗೆ ಮಾಸಲ್ಲ.

ಅಂಧೇರಿ_ಮಣಿಪಾಲ:
ತುಳಸಿ, ಕೊತ್ತಂಬರಿ, ಪುದೀನ, ಬಾಯಿಗೆ ಹಾಕುವ ಯಾವುದಕ್ಕೂ ನಾನು ಒಳಗೆ ಕೋಟಿಂಗ್ ಹಾಕುವುದಿಲ್ಲ ಮಾಮಿ, ಅದರಲ್ಲಿ ನಿಮ್ಮದೇ ಮಾತು. ಜೇಡ್, ಕ್ಯಾಕ್ಟಸ್ ಅಂಥದ್ದಕ್ಕೂ ಸಾದಾ ಕುಂಡವೇ ಒಳ್ಳೇದು, ಅದಕ್ಕೆ ಬೇಗ ಒಣಗುವ ಮಣ್ಣು ಬೇಕು, ಸೀಲ್ ಮಾಡಿದ್ರಲ್ಲಿ ಕೊಳೀತದೆ. ಮನಿಪ್ಲಾಂಟ್, ಫರ್ನ್, ಪೀಸ್ ಲಿಲಿ ಇದಕ್ಕೆಲ್ಲ ತೇವ ಇಷ್ಟ, ಬಣ್ಣದ ಪಾಟಿಗೆ ಅವೇ ಸರಿ. ನೇರ ನೆಟ್ಟವರಿಗೆ ಹೇಳಿ, ನೀರು ಮೊದಲಿಗಿಂತ ಕಮ್ಮಿ ಸಾಕು, ಬೆರಳು ಮಣ್ಣಿಗೆ ಚುಚ್ಚಿ ನೋಡಿ ಹಾಕಲಿಕ್ಕೆ.

ಬಜೆಟ್_ಭಟ್ರು:
ಹಳೇ ಕುಂಡ ಇದೆ ನನ್ನ ಹತ್ರ, ಮೈ ತುಂಬ ಬಿಳಿ ಕಲೆ. ಅದಕ್ಕೇ ಬಣ್ಣ ಸುರಿದು ಮುಚ್ಚಿಬಿಡ್ಲಾ?

ಹುಬ್ಬಳ್ಳಿ_ಟು_ಪುಣೆ:
ಮುಚ್ಚಬ್ಯಾಡ್ರಿ ಭಟ್ರ, ಉಪ್ಪಿನ ಮ್ಯಾಲ ಬಣ್ಣ ನಿಲ್ಲಂಗಿಲ್ಲ. ಮೊದಲ ಒಣ ಬ್ರಶ್ಶಿಂದ ಉದುರಸ್ರಿ, ನೀರು ಹಚ್ಚಿದ್ರ ಅದ ಕರಗಿ ಮತ್ತ ಒಳಗ ಹೋಗತೈತಿ. ಆಮ್ಯಾಲ ವಿನೆಗರಿಗೆ ನೀರು ಕೂಡಿಸಿ ತಿಕ್ಕಿ, ಸ್ವಚ್ಛ ನೀರಾಗ ಒಂದ ದಿನ ನೆನಸಿ, ಪೂರ್ತಿ ಒಣಗಸ್ರಿ. ಮತ್ತ ಬೆರಳ ಗಂಟಿಲೆ ಬಡದ ನೋಡ್ರಿ, ಟಣ್ ಅಂದ್ರ ಕೆಲಸಕ್ಕ ಬರತೈತಿ, ಬದ್ ಅಂದ್ರ ಎಲ್ಲ್ಯೋ ಸೀಳೈತಿ, ಅದಕ್ಕ ಬಣ್ಣದ ಖರ್ಚ ಮಾಡಬ್ಯಾಡ್ರಿ.

ಮುಲುಂಡ್_ಗ್ಯಾಲರಿ:
ಸರಿ, ನಿರ್ಧಾರ ಆಯ್ತು. ಒಳಗೆ ಪ್ಲಾಸ್ಟಿಕ್ ಪಾಟ್, ಹೊರಗೆ ಪೋರಿಂಗ್, ಗಿಡ ಮನಿಪ್ಲಾಂಟ್. ತುಳಸಿ ಸಸಿಗಳಿಗೆ ಬೇರೆ ಸಾಲು, ಮಾಮಿ ಹೇಳಿದ ಕೆಮ್ಮಣ್ಣಿನ ಕುಂಡ, ಅದನ್ನೂ ಸ್ಟಾಲಲ್ಲಿ ಇಡ್ತೀನಿ, ನವೆಂಬರ್‌ನಲ್ಲಿ ತುಳಸಿ ಹಬ್ಬಕ್ಕೆ ಹೆಂಗಿದ್ರೂ ಎಲ್ಲರೂ ಹುಡುಕ್ತಾರೆ. ನಮ್ಮತ್ತೆ ರಂಗೋಲಿ ಬಿಡೋಕೆ ಈಗ್ಲೇ ರೆಡಿ. ಬಣ್ಣಕ್ಕೆ ಕ್ರಾಫರ್ಡ್ ಮಾರ್ಕೆಟ್ ಹತ್ರ ಅಬ್ದುಲ್ ರೆಹಮಾನ್ ಸ್ಟ್ರೀಟ್‌ಗೆ ಹೋಗ್ತೀನಿ, ಎಮಲ್ಷನ್ ಇಲ್ಲೇ ಹಾರ್ಡ್‌ವೇರ್ ಅಂಗಡೀಲಿ. ಒಂದೇ ಡೌಟ್ ಉಳಿದಿರೋದು: 6 ಇಂಚಿನ ಪಾಟ್ ಒಳಗೆ ಯಾವ ಸೈಜಿನ ಪ್ಲಾಸ್ಟಿಕ್ಕು?

ಅಂಧೇರಿ_ಮಣಿಪಾಲ:
ಕೈಯಲ್ಲಿ ಮಾಡಿದ ಪಾಟ್, ಒಂದೊಂದರ ಒಳಬಾಯಿ ಒಂದೊಂದು ಥರ. ಅಳೆಯುವಾಗ ಅಂಚಿನ ದಪ್ಪ ಬಿಟ್ಟು ಒಳಗಿಂದ ಒಳಗೆ ಅಳೀರಿ, ಅಡಿಗೆ ಸಪೂರ ಆಗ್ತಾ ಹೋಗ್ತದೆ ಅದನ್ನೂ ನೋಡಿ. 4 ಇಂಚಿನದ್ದು ಎಲ್ಲಕ್ಕೂ ಹೋಗ್ತದೆ, 5 ಇಂಚಿನದ್ದು ಕೆಲವಕ್ಕೆ ಅರ್ಧದಲ್ಲೇ ಸಿಕ್ಕಿಬೀಳ್ತದೆ. ನರ್ಸರಿಗೆ ಹೋಗುವಾಗ ಇರುವುದರಲ್ಲಿ ಸಣ್ಣ ಬಾಯಿಯ ಕುಂಡ ಒಂದನ್ನು ಚೀಲದಲ್ಲಿ ಹಾಕ್ಕೊಂಡೇ ಹೋಗಿ. 4 ಇಂಚಿನದ್ದು ಒಳಗೆ ತೀರಾ ಕೆಳಗೆ ಕೂತ್ರೆ ಅಡಿಗೆ ಎರಡು ಹಂಚಿನ ಚೂರು ಇಡಿ, ತೂತು ಬಿಟ್ಟು.

ಬಜೆಟ್_ಭಟ್ರು:
ರಾಜ್ಯೋತ್ಸವದ ದಿನ ನಾನೂ ಮುಲುಂಡಿಗೆ ಬರ್ತೀನಿ, ಟ್ರೇಯಲ್ಲಿ ಬಿದ್ದ ಬಣ್ಣದ ಹಾಳೆ ಮಾತ್ರ ಫ್ರೀ ಕೊಡಿ ಅಕ್ಕ.